ಎರಡು ‘ಜಾಸ್’, ಮೂರು ‘ಸೈಕೋ’

1975ರಲ್ಲಿ ‘ಜಾಸ್’ ಸಿನಿಮಾದ ಜೊತೆಗೇ ಅದರ ಹಿನ್ನೆಲೆ ಸಂಗೀತದ ಎಲ್‌ಪಿಯೂ ಬಂತು. ಸ್ಪೀಲ್‌ಬರ್ಗ್ ಸಿನಿಮಾ, ಜಾನ್ ವಿಲಿಯಮ್ಸ್ ಸಂಗೀತ. ಎರಡೇ ಎರಡು ಸ್ವರ ಇಟ್ಟುಕೊಂಡು ಜನರನ್ನು ನೀರಿಗಿಳಿಯಲು ಹೆದರುವ ಹಾಗೆ ಮಾಡಿದ ಸಂಗೀತ ಅದು. ಆ ಎಲ್‌ಪಿಯನ್ನೂ ಆಮೇಲೆ ಬಂದ ಅದೇ ಆಲ್ಬಂನ ಕ್ಯಾಸೆಟ್ಟು, ಸಿ.ಡಿ.ಗಳನ್ನೂ ಜನ ಇಪ್ಪತ್ತೈದು ವರ್ಷ ಕೊಂಡರು, ಕೇಳಿದರು, ‘ಜಾಸ್ ಮ್ಯೂಸಿಕ್ ಅಂದ್ರೆ ಇದೇ’ ಅಂದುಕೊಂಡರು. ಆದರೆ ಆ ತಟ್ಟೆಯಲ್ಲಿದ್ದದ್ದು ಥಿಯೇಟರಿನಲ್ಲಿ ಕೇಳಿದ ಧ್ವನಿಮುದ್ರಣ ಅಲ್ಲವೇ ಅಲ್ಲ. ವಿಲಿಯಮ್ಸ್ ಆಲ್ಬಂಗೆಂದೇ ವಾದ್ಯವೃಂದವನ್ನು ಮತ್ತೆ ಕೂರಿಸಿ, ಬರೆದದ್ದನ್ನು ಅಲ್ಲಲ್ಲಿ ಹಿಗ್ಗಿಸಿ, ಕ್ರಮ ಬದಲಿಸಿ ಇನ್ನೊಂದು ಸಲ ನುಡಿಸಿದ್ದು ಅದು. ಸಿನಿಮಾದಲ್ಲಿ ಬಳಸಿದ ಧ್ವನಿಮುದ್ರಣ ಆಲ್ಬಂ ಆಗಿ ಹೊರಬಂದದ್ದು 2000ದಲ್ಲಿ. 2015ರಲ್ಲಿ ಎರಡನ್ನೂ ಸೇರಿಸಿ ಎರಡು ಸಿ.ಡಿ.ಗಳ ಸೆಟ್ ಬಂತು.

ಹಾಗಾದರೆ ಕೊಳ್ಳೋದು ಯಾವುದನ್ನ? ಹಿನ್ನೆಲೆ ಸಂಗೀತದ ಆಲ್ಬಂ ಕೂಡಿಡುವ ಹುಚ್ಚು ಇರುವವರನ್ನು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಯೋಚನೆ ಕೂಡ ಮಾಡದೆ ‘ಒರಿಜಿನಲ್ಲೇ ತಗೋಬೇಕು ಗುರೂ’ ಅಂತಾರೆ. ಅವರ ಪ್ರಕಾರ ಮತ್ತೆ ನುಡಿಸಿದ್ದೆಲ್ಲ ನಕಲು, ಮದುವೆ ಮನೆ ಆರ್ಕೆಸ್ಟ್ರಾದ ದೊಡ್ಡಣ್ಣ. ನನಗೆ ಈ ನಿಯಮದ ಮೇಲೆ ತಕರಾರಿದೆ. ಅದನ್ನ ಹೇಳೋಕೆ ಮುಂಚೆ ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಗಾಂಧಿನಗರದಲ್ಲಿ ‘ರೀರೆಕಾರ್ಡಿಂಗ್’ ಅಂದರೆ ಹಿನ್ನೆಲೆ ಸಂಗೀತವನ್ನು ಮೊದಲ ಸಲ ಧ್ವನಿಮುದ್ರಣ ಮಾಡೋದು. ‘ಸಿನಿಮಾ ಮುಗಿದಿದೆ, ರೀರೆಕಾರ್ಡಿಂಗ್ ನಡೀತಿದೆ’ ಅಂತ ನಿರ್ಮಾಪಕರು ಹೇಳಿದರೆ ಅದೇ ಅರ್ಥ. ನಾನು ಇಲ್ಲಿ ಹೇಳ್ತಿರೋದು ಬೇರೆ: ಸಿನಿಮಾಗೆ ಒಮ್ಮೆ ನುಡಿಸಿ ಮುಗಿಸಿದ ಸಂಗೀತವನ್ನು ಅದೇ ಸ್ವರಲಿಪಿ ಮುಂದಿಟ್ಟುಕೊಂಡು, ಕೆಲವು ವಾರ ಅಥವಾ ಕೆಲವು ದಶಕಗಳ ನಂತರ, ಆಲ್ಬಂಗಾಗಿ ಇನ್ನೊಮ್ಮೆ ನುಡಿಸುವುದು.

ಇದನ್ನ ಯಾಕೆ ಮಾಡ್ತಾರೆ? ಮೊದಲ ಕಾರಣ ದುಡ್ಡು. ಅಮೆರಿಕದ ವಾದ್ಯಗಾರರ ಯೂನಿಯನ್ ಗಟ್ಟಿ. ಸಿನಿಮಾಗೆ ನುಡಿಸಿದ್ದನ್ನೇ ತಟ್ಟೆ ಮಾಡಿ ಮಾರಬೇಕಾದರೆ ಆ ವಾದ್ಯಗಾರರಿಗೆ ಮತ್ತೊಮ್ಮೆ ಸಂಭಾವನೆ ಕೊಡಬೇಕು. ಎಷ್ಟೋ ಸಲ ಅದಕ್ಕಿಂತ ಹೊಸದಾಗಿ ನುಡಿಸೋದು, ಅದೂ ಲಂಡನ್ನಿಗೆ ಹೋಗಿ ನುಡಿಸೋದು, ಅಗ್ಗವಾಗುತ್ತಿತ್ತು. ಎಂಬತ್ತು, ತೊಂಬತ್ತರ ದಶಕದ ಎಷ್ಟೋ ಸಿ.ಡಿ.ಗಳು ಮೂವತ್ತೇ ನಿಮಿಷಕ್ಕೆ ಮುಗಿದುಹೋಗೋದಕ್ಕೂ ಇದೇ ಲೆಕ್ಕಾಚಾರ ಕಾರಣ.

ಎರಡನೆಯ ಕಾರಣ ಸ್ವಲ್ಪ ಘನವಾದದ್ದು. ಸಿನಿಮಾದ ಸಂಗೀತ ಚಿತ್ರದ ಅಳತೆಗೆ ಹೊಲಿದ ಅಂಗಿ. ನಟ ಬಾಗಿಲು ತೆಗೆಯುವಷ್ಟರಲ್ಲಿ ಮುಗಿಯಬೇಕು, ಮಾತು ಶುರುವಾದಾಗ ತಗ್ಗಬೇಕು. ನಲವತ್ತು ಸೆಕೆಂಡಿನ ತುಣುಕು, ಒಂದೂಕಾಲು ನಿಮಿಷದ ತುಣುಕು, ಒಂದಕ್ಕೂ ಸರಿಯಾದ ತುದಿ ಇಲ್ಲ. ಪರದೆ ಇಲ್ಲದೆ ಕೇಳಿದರೆ ಯಾರೋ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡ್ತಾ ಇದ್ದು, ಒಂದು ಕಡೆಯ ಮಾತು ಮಾತ್ರ ನಮಗೆ ಕೇಳಿಸಿದ ಹಾಗಿರುತ್ತೆ. ‘ಜಾಸ್’ನಲ್ಲಿ ಪ್ರವಾಸಿಗಳು ದ್ವೀಪಕ್ಕೆ ಬಂದಿಳಿಯುವ ದೃಶ್ಯದ ತುಣುಕನ್ನೇ ತಗೊಳ್ಳಿ. ಹಳೇ ಕಾಲದ ಆಸ್ಥಾನ ಸಂಗೀತದ ಗತ್ತಿನಲ್ಲಿ, ತುಟಿಯಂಚಿನಲ್ಲಿ ನಗ್ತಾ, ಶಾರ್ಕಿಗೆ ಊಟ ಬಂತು ಅಂತ ಸಾರುವ ಸಂಗೀತ. ಸಿನಿಮಾದಲ್ಲಿ ಬಂದಷ್ಟೇ ಬೇಗ ಹೋಗಿಬಿಡುತ್ತೆ. ಆಲ್ಬಂನಲ್ಲಿ ವಿಲಿಯಮ್ಸ್ ಅದನ್ನು ಬೆಳೆಸಿ, ಅದಕ್ಕೊಂದು ನಡಿಗೆ, ಒಂದು ಮುಕ್ತಾಯ ಕೊಟ್ಟಿದ್ದಾರೆ. ಇದನ್ನ ನಕಲು ಅಂತ ಹೇಗೆ ಕರೆಯೋದು? ಬರೆದವರೇ ಕೇಳುಗನ ಕಡೆ ಮುಖ ಮಾಡಿ ಎರಡನೇ ಸಲ ಬರೆದದ್ದು ಅದು.

ಹೆನ್ರಿ ಮ್ಯಾನ್ಸಿನಿ ಇದನ್ನೊಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಆಲ್ಬಂ ಮನೆಯಲ್ಲಿ ಕೂತು ಆರಾಮಾಗಿ ಕೇಳಲೆಂದು ಬೇರೆಯಾಗಿಯೇ ನುಡಿಸಿದ್ದು. ಎಷ್ಟು ಬೇರೆ ಅಂದರೆ, ಕಿಟಕಿಯಲ್ಲಿ ಕೂತು ಗಿಟಾರ್ ಹಿಡಿದು ಆಡ್ರೆ ಹೆಪ್‌ಬರ್ನ್ ‘ಮೂನ್ ರಿವರ್’ ಹಾಡ್ತಾರಲ್ಲ, ಇಡೀ ಸಿನಿಮಾದಲ್ಲಿ ನೆನಪಿನಲ್ಲಿ ಉಳಿಯೋದೇ ಆ ದೃಶ್ಯ, ಆ ದನಿ ಆ ಆಲ್ಬಂನಲ್ಲಿ ಇಲ್ಲವೇ ಇಲ್ಲ. ಹಾಡಿದೆ, ಹೆಪ್‌ಬರ್ನ್ ಇಲ್ಲ. ಇಲ್ಲಿ ಮಾತ್ರ ನಾನು ಒರಿಜಿನಲ್ ಪಕ್ಷದವನೇ. ನುಣುಪಾದ ಕೋರಸ್ಸು ಎಷ್ಟೇ ಚೆನ್ನಾಗಿದ್ದರೂ ಆ ಸಣ್ಣ, ತರಬೇತಿಯಿಲ್ಲದ, ಅಂಜುತ್ತಾ ಹಾಡುವ ದನಿಯ ಜಾಗ ತುಂಬೋದಿಲ್ಲ. ಸಿನಿಮಾದ ಮೂಲ ಸಂಗೀತ ಸಿ.ಡಿ. ಆಗಿ ಬರೋಕೆ 2013ರವರೆಗೆ ಕಾಯಬೇಕಾಯಿತು.

ಹೀಗೆ ಒಂದೊಂದು ಕಡೆ ಒಂದೊಂದು ತೀರ್ಪು ಕೊಡ್ತಾ ಹೋದರೆ ಗೊಂದಲ ಅನ್ನಿಸಬಹುದು. ‘ಸೈಕೋ’ ಕೇಳಿದರೆ ವಿಷಯ ಸ್ವಲ್ಪ ತಿಳಿಯಾಗುತ್ತೆ, ಅಥವಾ ಇನ್ನೂ ಕಲಕಿಹೋಗುತ್ತೆ.

1960ರಲ್ಲಿ ಹಿಚ್‌ಕಾಕ್‌ನ ‘ಸೈಕೋ’ಗೆ ಬರ್ನಾರ್ಡ್ ಹರ್ಮನ್ ಬರಿಯ ತಂತಿವಾದ್ಯಗಳಲ್ಲೇ ಸಂಗೀತ ಕಟ್ಟಿದರು. ಕಪ್ಪು-ಬಿಳುಪು ಸಿನಿಮಾಗೆ ಕಪ್ಪು-ಬಿಳುಪು ನಾದ ಅನ್ನೋ ಯೋಚನೆ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದ ಹಿಚ್‌ಕಾಕ್, ಹರ್ಮನ್ ನುಡಿಸಿದ್ದನ್ನ ಕೇಳಿ ಮನಸ್ಸು ಬದಲಾಯಿಸಿದ ಕಥೆ ನಿಮಗೆ ಗೊತ್ತೇ ಇರುತ್ತೆ. ಇಷ್ಟು ಹೆಸರುವಾಸಿಯಾದ ಸಂಗೀತಕ್ಕೆ ಸಿನಿಮಾ ಬಂದಾಗ ಒಂದು ಎಲ್‌ಪಿ ಕೂಡ ಬರಲಿಲ್ಲ. ಹದಿನೈದು ವರ್ಷ ಕಳೆದ ಮೇಲೆ, 1975ರಲ್ಲಿ, ಹರ್ಮನ್ ತಾವೇ ಲಂಡನ್ನಿನಲ್ಲಿ ನ್ಯಾಷನಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಮುಂದೆ ನಿಂತು ಇಡೀ ಸಂಗೀತವನ್ನು ಮತ್ತೆ ನುಡಿಸಿದರು. ಬರೆದವರೇ ನಿಂತು ನುಡಿಸಿದ್ದಾರೆ, ಇನ್ನೇನು ಬೇಕು ಅಂತೀರಾ?

ಕೇಳಿ ನೋಡಿ, ನಿಧಾನ. ತೀರಾ ನಿಧಾನ. ಸಿನಿಮಾದಲ್ಲಿ ದುಡ್ಡು ಕದ್ದ ಹುಡುಗಿ ಮಳೆಯಲ್ಲಿ ಕಾರು ಓಡಿಸ್ತಾ ಹೋಗುವಾಗ ಈ ಸಂಗೀತ ಅವಳ ಬೆನ್ನಟ್ಟಿ ಬರುತ್ತೆ. ನಮ್ಮ ಎದೆ ಬಡಿತ ಏರುತ್ತೆ. 1975ರ ತಟ್ಟೆಯಲ್ಲಿ ಅದೇ ಕಾರು ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡ ಹಾಗಿದೆ. ಸ್ನಾನದ ಮನೆಯ ಆ ಕಿರುಚಾಟದಲ್ಲೂ ಪಿಟೀಲಿನ ಕಮಾನಿನ ಒಂದೊಂದು ಎಳೆತವನ್ನೂ ಬಿಡಿಬಿಡಿಯಾಗಿ ಎಣಿಸಬಹುದು.

1997ರಲ್ಲಿ ಜೋಯೆಲ್ ಮ್ಯಾಕ್‌ನೀಲಿ ಅನ್ನೋ ಕಂಡಕ್ಟರ್ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಜೊತೆ ಮೂರನೇ ‘ಸೈಕೋ’ ಮಾಡಿದರು. ಈತ ಸಿನಿಮಾಗೆ ಕಿವಿಗೊಟ್ಟಿದ್ದಾರೆ. ವೇಗ ಸಿನಿಮಾಗೆ ಹತ್ತಿರ, ನುಡಿಸಾಣಿಕೆ ಬಿಗಿ, ಧ್ವನಿ ಸ್ವಚ್ಛ. ಅಂದರೆ, ಬರೆದ ಮನುಷ್ಯ ತನ್ನ ಮೂಲದಿಂದ ದೂರ ಹೋಗಿದ್ದಾನೆ, ಸಂಬಂಧವೇ ಇಲ್ಲದ ಇನ್ನೊಬ್ಬ ಮೂಲಕ್ಕೆ ಹತ್ತಿರ ಬಂದಿದ್ದಾನೆ. ಈಗ ಹೇಳಿ, ‘ಒರಿಜಿನಲ್’ ಯಾವುದು?

ನಮ್ಮ ಕಡೆಯ ಕಿವಿಗೆ ಇದು ಅಷ್ಟೊಂದು ವಿಚಿತ್ರ ಅನ್ನಿಸಬಾರದು. ತ್ಯಾಗರಾಜರ ಕೃತಿಯನ್ನು ಬಾಲಮುರಳಿಯವರ ದನಿಯಲ್ಲಿ ಕೇಳೋಣವೋ ಎಂ.ಡಿ. ರಾಮನಾಥನ್ ಅವರದ್ದೋ ಅಂತ ಜಗಳ ಆಡ್ತೀವೇ ಹೊರತು, ತ್ಯಾಗರಾಜರು ಹಾಡಿದ್ದು ಸಿಗಲಿಲ್ಲ, ಮಿಕ್ಕಿದ್ದೆಲ್ಲ ನಕಲು ಅಂತ ಯಾರೂ ಹೇಳೋದಿಲ್ಲ. ಆ ಲೆಕ್ಕದಲ್ಲಿ 1975ರ ಹರ್ಮನ್ ತನ್ನದೇ ಕೃತಿಯನ್ನು ಎಂ.ಡಿ. ರಾಮನಾಥನ್ ಅವರ ಕಾಲಪ್ರಮಾಣದಲ್ಲಿ ಹಾಡಿದ್ದಾರೆ. ರಾಮನಾಥನ್ ಅವರನ್ನು ಇಷ್ಟಪಡುವವರಿಗೆ ಆ ನಿಧಾನದ ಒಳಗೆ ಏನಿದೆ ಅಂತ ವಿವರಿಸಬೇಕಾಗಿಲ್ಲ. ‘ಸೈಕೋ’ದಲ್ಲಿ ಹುಚ್ಚಾಸ್ಪತ್ರೆಯ ಮಾತು ಬರುವಾಗ ಮೂರೇ ಸ್ವರಗಳ ಒಂದು ಕೆಳದನಿಯ ತುಣುಕು ಇದೆ. ಆ ವರ್ಷ ಡಿಸೆಂಬರಿನಲ್ಲಿ ‘ಟ್ಯಾಕ್ಸಿ ಡ್ರೈವರ್’ ಸಿನಿಮಾದ ಸಂಗೀತ ಮುಗಿಸುವಾಗ ಹರ್ಮನ್ ಅದೇ ಮೂರು ಸ್ವರಗಳನ್ನು ಆ ಸಿನಿಮಾದ ಕೊನೆಗೂ ತಂದಿಟ್ಟರು. ಧ್ವನಿಮುದ್ರಣ ಮುಗಿದ ಕೆಲವೇ ಗಂಟೆಗಳಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ, ತೀರಿಕೊಂಡರು. ಇಷ್ಟು ತಿಳಿದ ಮೇಲೆ 1975ರ ‘ಸೈಕೋ’ದ ಆ ಭಾಗ ಕೇಳಿದರೆ ನಿಧಾನ ಅನ್ನೋದು ದೋಷ ಅನ್ನಿಸೋದಿಲ್ಲ. ಕೆಸರಿನಿಂದ ಕಾಲು ಕಿತ್ತಿಟ್ಟು ನಡೆದ ಹಾಗಿದೆ. 1960ರ ಸಿನಿಮಾದಲ್ಲಿ ಆ ಕತ್ತಲೆ ಇಲ್ಲ. ಕಾರಿನ ಓಟ ಬೇಕಾದರೆ ಮ್ಯಾಕ್‌ನೀಲಿ, ಕೆಸರು ಬೇಕಾದರೆ ಹರ್ಮನ್. ಒಂದೇ ತಗೋಬೇಕು ಅಂದರೆ ನಾನು ಹರ್ಮನ್ ತಗೋತೀನಿ, ಕಾರು ನೋಡೋಕೆ ಸಿನಿಮಾನೇ ಇದೆಯಲ್ಲ.

ಹಾಗಂತ ಸಿನಿಮಾ ಸಂಗೀತವನ್ನು ಕಛೇರಿ ಸಂಗೀತದ ಹಾಗೇ ನೋಡೋಕಾಗಲ್ಲ. ತ್ಯಾಗರಾಜರ ಕೃತಿಗೆ ಪರದೆ ಇಲ್ಲ. ಸಿನಿಮಾ ಸಂಗೀತ ಮೊದಲ ಸಲ ಹುಟ್ಟಿದ್ದು ಒಂದು ನಿರ್ದಿಷ್ಟ ಬೆಳಗ್ಗೆ, ನಿರ್ದಿಷ್ಟ ಸ್ಟುಡಿಯೋದಲ್ಲಿ, ಪರದೆ ಮೇಲೆ ಒಂದು ನಿರ್ದಿಷ್ಟ ಮುಖ ನೋಡುತ್ತಾ. ಅದರ ತುರ್ತು ಆಮೇಲೆ ಎಷ್ಟು ಒಳ್ಳೆ ವಾದ್ಯವೃಂದ ಸಿಕ್ಕರೂ ಮರಳಿ ಸಿಗದೆ ಹೋಗಬಹುದು. ‘ವರ್ಟಿಗೊ’ ಇದಕ್ಕೆ ನನ್ನ ಸಾಕ್ಷಿ.

1958ರ ‘ವರ್ಟಿಗೊ’ ಕೂಡ ಹಿಚ್‌ಕಾಕ್-ಹರ್ಮನ್ ಜೋಡಿಯದ್ದೇ. ಆಗ ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರ. ಸಂಗೀತ ನುಡಿಸೋ ಕೆಲಸ ಲಂಡನ್ನಿಗೆ ಹೋಯಿತು, ಕಂಡಕ್ಟರ್ ಮ್ಯೂರ್ ಮ್ಯಾಥಿಸನ್. ಅರ್ಧ ಮುಗಿಯುವಷ್ಟರಲ್ಲಿ ಲಂಡನ್ನಿನ ವಾದ್ಯಗಾರರೂ ಅಮೆರಿಕದವರಿಗೆ ಬೆಂಬಲ ಅಂತ ಕೈ ಎತ್ತಿದರು. ಉಳಿದದ್ದನ್ನ ವಿಯೆನ್ನಾದಲ್ಲಿ ಮುಗಿಸಿದರು. ತನ್ನ ಅತ್ಯುತ್ತಮ ಕೃತಿಯನ್ನು ಹರ್ಮನ್ ಕಂಡಕ್ಟ್ ಮಾಡಲೇ ಇಲ್ಲ. ಲಂಡನ್ನಿನ ಭಾಗ ಸ್ಟೀರಿಯೋ, ವಿಯೆನ್ನಾದ ಭಾಗ ಮೊನೊ. 1996ರಲ್ಲಿ ಸಿನಿಮಾವನ್ನು ಜೀರ್ಣೋದ್ಧಾರ ಮಾಡಿದಾಗ ಈ ಮೂಲ ಧ್ವನಿಮುದ್ರಣ ದೊಡ್ಡದಾಗಿ ಸಿ.ಡಿ.ಗೆ ಬಂತು. ಅದೇ ಹೊತ್ತಿಗೆ ಇದೇ ಮ್ಯಾಕ್‌ನೀಲಿ, ಇದೇ ಸ್ಕಾಟಿಷ್ ವಾದ್ಯವೃಂದದ ಜೊತೆ ‘ವರ್ಟಿಗೊ’ವನ್ನೂ ಹೊಸದಾಗಿ ನುಡಿಸಿದ್ದರು. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟರೆ ಯಾರಾದರೂ ಮ್ಯಾಕ್‌ನೀಲಿಯನ್ನೇ ಎತ್ತಿಕೊಳ್ಳುತ್ತಾರೆ. ಧ್ವನಿ ಅಷ್ಟು ಚೆನ್ನಾಗಿದೆ, ತಪ್ಪು ಅನ್ನೋದು ಹುಡುಕಿದರೂ ಸಿಗಲ್ಲ.

ಈಗ ಆ ಹೋಟೆಲ್ ಕೋಣೆಯ ದೃಶ್ಯಕ್ಕೆ ಬನ್ನಿ. ಹಸಿರು ಬೆಳಕಿನಲ್ಲಿ, ಸತ್ತವಳ ಹಾಗೆ ಸಿಂಗರಿಸಿಕೊಂಡು ಅವಳು ಹೊರಗೆ ಬರ್ತಾಳೆ. ಹೊಸ ತಟ್ಟೆಯಲ್ಲಿ ತಂತಿವಾದ್ಯಗಳು ದೊಡ್ಡ ಸಭಾಂಗಣದ ಗಾಳಿಯಲ್ಲಿ ತುಂಬಿಕೊಂಡು ಏರುತ್ತವೆ. ಸುಂದರವಾಗಿದೆ, ಪ್ರೇಮ ಸಂಗೀತವಾಗಿದೆ. ಅದೇ ತೊಂದರೆ. ಆ ದೃಶ್ಯದಲ್ಲಿರೋದು ಪ್ರೇಮ ಮಾತ್ರ ಅಲ್ಲ. ಒಬ್ಬ ಗಂಡಸು ಬದುಕಿರುವ ಹೆಣ್ಣನ್ನು ಸತ್ತ ಹೆಣ್ಣಾಗಿ ತಿದ್ದಿ ಮುಗಿಸಿದ ಕ್ಷಣ. ಮ್ಯಾಥಿಸನ್ ಅವರದ್ದರಲ್ಲಿ ನಾದ ಇಕ್ಕಟ್ಟಾಗಿದೆ, ಪಿಟೀಲುಗಳು ಮೇಲಿನ ಸ್ವರಗಳಲ್ಲಿ ಸ್ವಲ್ಪ ಚೂಪಾಗಿವೆ, ಉಸಿರು ಸಾಲದ ಹಾಗೆ ಮುನ್ನುಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ ಆ ಗಂಡಸಿನ ಗೀಳು ಇದೆ. ಇದು ಟೇಪಿನ ಹಳತನದಿಂದ ಬಂದದ್ದೋ, ಮುಷ್ಕರದ ಗಡಿಬಿಡಿಯಿಂದ ಬಂದದ್ದೋ, ಮ್ಯಾಥಿಸನ್ ಬೇಕಂತಲೇ ಮಾಡಿದ್ದೋ, ಕೇಳುವವನಿಗೆ ಅದೆಲ್ಲ ಯಾಕೆ? ‘ಸೈಕೋ’ದಲ್ಲಿ ಮತ್ತೆ ನುಡಿಸಿದ್ದನ್ನ ಆರಿಸಿದ ನಾನೇ ‘ವರ್ಟಿಗೊ’ದಲ್ಲಿ ಒರಟಾದ ಮೂಲವನ್ನು ಇಟ್ಟುಕೊಂಡು ನುಣುಪಾದ ಹೊಸದನ್ನು ಬಿಟ್ಟುಕೊಡ್ತೀನಿ. ಹರ್ಮನ್ 1975ರಲ್ಲಿ ಹೇಳೋಕೆ ಹೊಸದೇನೋ ಇಟ್ಟುಕೊಂಡು ಬಂದಿದ್ದರು. ‘ವರ್ಟಿಗೊ’ದ ಮ್ಯಾಕ್‌ನೀಲಿ ಬರೆದದ್ದನ್ನು ಅಚ್ಚುಕಟ್ಟಾಗಿ ಓದಿ ಹೇಳಿದ್ದಾರೆ.

ಒರಿಜಿನಲ್ ಪಕ್ಷದವರು ಮರೆಯುವ ಇನ್ನೊಂದು ಸಂಗತಿ ಇದೆ. ಎಷ್ಟೋ ಸಲ ಮತ್ತೆ ನುಡಿಸಿದ್ದೇ ಇಲ್ಲದಿದ್ದರೆ ಏನೂ ಇರುತ್ತಿರಲಿಲ್ಲ. ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಸಂಗೀತ ಬರೆದಿದ್ದರು. 1968ರ ಜನವರಿಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣ. ಕೆಲಸದ ಒತ್ತಡಕ್ಕೆ ಸ್ನಾಯು ಸೆಳೆತ ಹಿಡಿದು ನಾರ್ತ್ ಆಂಬುಲೆನ್ಸಿನಲ್ಲಿ ಸ್ಟುಡಿಯೋಗೆ ಬಂದರಂತೆ. ಆಮೇಲೆ ಸಿನಿಮಾದ ಪ್ರದರ್ಶನಕ್ಕೆ ಹೋಗಿ ಕೂತಾಗ ತಾನು ಬರೆದ ಒಂದು ಸ್ವರವೂ ಅದರಲ್ಲಿ ಇಲ್ಲ. ಕುಬ್ರಿಕ್ ಸ್ಟ್ರಾಸ್ ಮತ್ತು ಲಿಗೆಟಿಯ ಸಂಗೀತವನ್ನೇ ಉಳಿಸಿಕೊಂಡಿದ್ದ, ನಾರ್ತ್‌ಗೆ ಒಂದು ಮಾತು ಹೇಳಿರಲಿಲ್ಲ. ನಾರ್ತ್ 1991ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್, ಸ್ವತಃ ದೊಡ್ಡ ಸಂಗೀತ ನಿರ್ದೇಶಕ, ನ್ಯಾಷನಲ್ ಫಿಲ್ಹಾರ್ಮೋನಿಕ್ ಜೊತೆ ಅದನ್ನು ನುಡಿಸಿ ಹೊರತಂದರು. ಇಪ್ಪತ್ತೈದು ವರ್ಷದ ಮೌನದ ನಂತರ ಜನಕ್ಕೆ ಕೇಳಿದ ಮೊದಲ ನಾದ ಅದು. 1968ರ ಮೂಲ ಟೇಪು ಸಿ.ಡಿ. ಆಗಿ ಬಂದದ್ದು 2007ರಲ್ಲಿ, ಮೊನೊದಲ್ಲಿ. ಎರಡನ್ನೂ ಕೇಳಿದರೆ ಗೋಲ್ಡ್‌ಸ್ಮಿತ್ ಅವರದ್ದು ವಿಶಾಲವಾಗಿದೆ, ಮೂಲದ್ದರಲ್ಲಿ ಅಂಚು ಹೆಚ್ಚು. ಆದರೆ ಇದನ್ನ ರುಚಿಯ ತಕ್ಕಡಿಯಲ್ಲಿ ತೂಗೋಕೆ ನನಗೆ ಮನಸ್ಸು ಬರೋದಿಲ್ಲ. ಒಬ್ಬ ಗೆಳೆಯ ಮಾಡಿದ ತರ್ಪಣ ಅದು.

ಎಂಜಿಎಂ ಸ್ಟುಡಿಯೋ 1970ರ ಆಸುಪಾಸಿನಲ್ಲಿ ತನ್ನ ದಶಕಗಳ ಸ್ವರಲಿಪಿಗಳ ಭಂಡಾರವನ್ನು ಜಾಗ ಸಾಲದು ಅಂತ ಕಸದ ಗುಂಡಿಗೆ ಸುರಿಯಿತು. ಇಂಗ್ಲೆಂಡಿನ ಜಾನ್ ವಿಲ್ಸನ್ ಹಳೆ ಸಿನಿಮಾಗಳನ್ನು ಹಾಕಿಕೊಂಡು, ಕಿವಿಯಲ್ಲಿ ಕೇಳಿ ಕೇಳಿ, ಯಾವ ವಾದ್ಯ ಯಾವ ಸ್ವರ ನುಡಿಸುತ್ತಿದೆ ಅಂತ ಬರೆದು ಆ ಸಂಗೀತವನ್ನು ಮತ್ತೆ ಕಟ್ಟಿದ್ದಾರೆ. 2009ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಅದನ್ನು ನುಡಿಸಿದರು. ಅದಕ್ಕೂ ಮೊದಲು, 1972ರಿಂದ, ಚಾರ್ಲ್ಸ್ ಗೆರ್ಹಾರ್ಟ್ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ಹಳೆ ಹಾಲಿವುಡ್ ಸಂಗೀತವನ್ನು ಎಲ್‌ಪಿ ಸರಣಿಯಾಗಿ ನುಡಿಸಿದರು. ಕೋರ್ನ್‌ಗೋಲ್ಡ್ ‘ದಿ ಸೀ ಹಾಕ್’ಗೆ ಬರೆದ ಕಹಳೆಗಳು 1940ರ ಸಿನಿಮಾದ ಸೌಂಡ್‌ಟ್ರ್ಯಾಕಿನಲ್ಲಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತವೆ. ಗೆರ್ಹಾರ್ಟ್ ಅವರದ್ದು ಹಾಕಿ, ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟುವ ತನಕ ವಾಲ್ಯೂಮ್ ಏರಿಸಿ.

ಇದೆಲ್ಲ ಓದಿ ನಮ್ಮ ಕಡೆಗೆ ತಿರುಗಿದರೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಆಲ್ಬಂ ಅಂದರೆ ಹಾಡು. ಹಿನ್ನೆಲೆ ಸಂಗೀತ ತಟ್ಟೆಗೆ ಬಂದದ್ದೇ ಅಪರೂಪ. ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಇವರೆಲ್ಲ ಎಷ್ಟು ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಕೊಟ್ಟಿದ್ದಾರೆ, ನಮ್ಮ ಕೈಗೆ ಸಿಗೋದು ಹಾಡುಗಳು ಮಾತ್ರ. 1983ರ ‘ಪಲ್ಲವಿ ಅನುಪಲ್ಲವಿ’ಯ ಇಳಯರಾಜಾ ಹಿನ್ನೆಲೆ ಸಂಗೀತ ಮೊಬೈಲ್ ಕಂಪನಿಯೊಂದರ ಜಾಹೀರಾತಿನ ರಾಗವಾಗಿ ದೇಶದ ಮನೆಮನೆ ತಲುಪಿತು, ಆ ಸಂಗೀತವನ್ನು ಕೂಡಿಡಬೇಕು ಅನ್ನೋ ಅಭಿಮಾನಿ ಮಾತ್ರ ಸಿನಿಮಾದ ಡಿವಿಡಿಯಿಂದಲೇ, ಮಾತು, ಬಾಗಿಲ ಸದ್ದು ಎಲ್ಲ ಸೇರಿದ ಹಾಗೆ, ಕತ್ತರಿಸಿಕೊಳ್ಳಬೇಕು. ಯಾರಾದರೂ ಪುಣ್ಯಾತ್ಮರು ಒಂದು ವಾದ್ಯವೃಂದ ಕೂರಿಸಿ ಇವನ್ನೆಲ್ಲ ಮತ್ತೆ ನುಡಿಸಿದರೆ ನಾನಂತೂ ‘ಇದು ಒರಿಜಿನಲ್ ಅಲ್ಲ’ ಅಂತ ಮೂಗು ಮುರಿಯೋದಿಲ್ಲ, ಎರಡು ಪ್ರತಿ ಕೊಳ್ತೀನಿ.

ಕೊಳ್ಳೋರಿಗೆ ಒಂದೆರಡು ಮಾತು. ‘ಒರಿಜಿನಲ್ ಸೌಂಡ್‌ಟ್ರ್ಯಾಕ್’ ಅಂತ ಕವರ್ ಮೇಲೆ ಬರೆದಿದ್ದನ್ನ ನಂಬಬೇಡಿ, 1975ರ ‘ಜಾಸ್’ ಮೇಲೂ ಆ ಮಾತಿದೆ. ಹಿಂಬದಿಯ ಸಣ್ಣ ಅಕ್ಷರ ಓದಿ: ಯಾವ ವಾದ್ಯವೃಂದ, ಯಾರು ಕಂಡಕ್ಟರ್, ಯಾವ ವರ್ಷ, ಯಾವ ಊರು. ಹಾಲಿವುಡ್ ಸಿನಿಮಾ, ಆದರೆ ವಾದ್ಯವೃಂದ ಪ್ರಾಗ್‌ನದ್ದೋ ಗ್ಲಾಸ್ಗೋದ್ದೋ ಆಗಿದ್ದು, ವರ್ಷ ಸಿನಿಮಾಗಿಂತ ಎಷ್ಟೋ ಮುಂದಿದ್ದರೆ ಅದು ಮತ್ತೆ ನುಡಿಸಿದ್ದು ಅಂತ ಬಹುಮಟ್ಟಿಗೆ ಹೇಳಬಹುದು. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹುಷಾರು. ‘ಹಾಲಿವುಡ್ಡಿನ ನೂರು ಹಿಟ್ಸ್’ ಥರದ ಸಂಕಲನಗಳು ಅಲ್ಲಿ ನುಗ್ಗಿಕೊಂಡಿರುತ್ತವೆ, ಅವುಗಳಲ್ಲಿ ಕೆಲವು ನಿಜಕ್ಕೂ ಮದುವೆ ಮನೆ ಆರ್ಕೆಸ್ಟ್ರಾ. ವಿದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ ಎಲ್ಲ ಸೇರಿ ಎರಡನೇ ಪ್ರತಿ ತರಿಸೋ ಉತ್ಸಾಹ ಇಳಿಸಿಬಿಡುತ್ತೆ, ಹಾಗಾಗಿ ಮೊದಲು ಆ್ಯಪ್‌ನಲ್ಲಿ ಎರಡನ್ನೂ ಕೇಳಿ, ಆಮೇಲೆ ಪರ್ಸು ತೆಗೀರಿ.

‘ಜಾಸ್’ ವಿಷಯಕ್ಕೆ ಬಂದರೆ, ಸಿನಿಮಾದ ಮೂಲ ಧ್ವನಿಮುದ್ರಣ ಒಮ್ಮೆ ಪೂರ್ತಿ ಕೇಳಲೇಬೇಕಾದ್ದು. ಶಾರ್ಕ್ ಎಷ್ಟು ಹತ್ತಿರ ಬಂದಿದೆ ಅಂತ ವಿಲಿಯಮ್ಸ್ ಸೆಕೆಂಡು ಸೆಕೆಂಡಿಗೆ ಲೆಕ್ಕ ಹಾಕಿರೋದು ಅದರಲ್ಲೇ ಗೊತ್ತಾಗೋದು. ಭಾನುವಾರ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ನಾನು ಹಾಕೋದು ಮಾತ್ರ 1975ರ ಆ ಮೂವತ್ತೈದು ನಿಮಿಷದ ಆಲ್ಬಂ.